ಬಲೆಯ ಕಣ್ಣು, ಸಂಘದ ಸಾಲ

(ಕಲಬುರಗಿಯಲ್ಲಿ ಸೇರಿದ್ದ ನಗರ ಮತ್ತು ಕಮಲಾಪುರ ಭಾಗದ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಮುಂದೆ ನಮ್ಮ ಕಾರ್ಯಕರ್ತೆಯರು ಆಡಿದ ಮಾತುಗಳ ಬರಹ)



ಮೀಟಿಂಗಿಗೆ ಬರೋದಂದ್ರೆ ಒಂದು ದಿನದ ಕೂಲಿ ಬಿಟ್ಟು ಬರೋದು ಅಂತ ನಮಗೆ ಗೊತ್ತದ. ಹಂಗಾಗಿ ಸುತ್ತು ಬಳಸಿ ಮಾತಾಡೋದು ಬ್ಯಾಡ. ಉಳಿತಾಯ, ಸಾಲ, ಮರುಪಾವತಿ ಇವು ಪ್ರತಿ ಸಭೆಯಲ್ಲೂ ಇದ್ದದ್ದೇ. ಇವತ್ತು ಮೀನಿನ ಮಾತು. "ಮೀನಿಗೂ ಸಂಘಕ್ಕೂ ಏನು ಸಂಬಂಧ, ನಾವೇನು ಬಲೆ ಬೀಸೋರಾ?" ಅಂತ ಹಿಂದಿನ ಸಾಲಿನಿಂದ ಒಂದು ಮಾತು ಕೇಳಿಬಂತು. ಪ್ರಶ್ನೆ ಸರಿಯಾಗೇ ಅದ. ಉತ್ತರ ನಮ್ಮ ಸಾಲದ ಪುಸ್ತಕದಾಗ ಅದ. ಅಲ್ಲಿಗೆ ಹೋಗೋಕ್ಕಿಂತ ಮೊದಲು ನೀರಿನ ಬಗ್ಗೆ ನಾಲ್ಕು ಮಾತು ಆಡಬೇಕು.

ಕಮಲಾಪುರ ಅಂದ್ರೆ ಹೊರಗಿನವರಿಗೆ ಕೆಂಪು ಬಾಳೆಹಣ್ಣು ನೆನಪಾಗ್ತದ. ನಮಗೆ ಗಂಡೋರಿ ನಾಲಾ ಕೂಡ ನೆನಪಾಗಬೇಕು. ಬೆಳಕೋಟಾ ಹತ್ತಿರ ಅದಕ್ಕೆ ಆಣೆಕಟ್ಟು ಕಟ್ಟಿದ್ದಾರೆ, 2 ಟಿಎಂಸಿಗೆ ಸ್ವಲ್ಪ ಕಡಿಮೆ ನೀರು ನಿಲ್ಲುತ್ತದೆ. ಈ ನಾಲಾ ಹೋಗಿ ಬೆಣ್ಣೆತೊರಾಕ್ಕೆ ಸೇರುತ್ತದೆ. ಬೆಣ್ಣೆತೊರಾಕ್ಕೆ ಹೇರೂರು ಹತ್ತಿರ ಇನ್ನೊಂದು ದೊಡ್ಡ ಆಣೆಕಟ್ಟು ಇದೆ, ಅಲ್ಲಿ 5 ಟಿಎಂಸಿಗೂ ಮೇಲೆ ನೀರು ಹಿಡಿಯುತ್ತದೆ. ಕಲಬುರಗಿ ಶಹರದ ನಲ್ಲಿಯಲ್ಲಿ ಬರುವ ನೀರಿನ ಒಂದು ಪಾಲು ಬೆಣ್ಣೆತೊರಾದ್ದು. ಬೆಣ್ಣೆತೊರಾ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ. ಆಳಂದದ ಕಡೆ ಅಮರ್ಜಾ, ಚಿಂಚೋಳಿ ಕಡೆ ಚಂದ್ರಂಪಳ್ಳಿ ಮತ್ತು ಮುಲ್ಲಾಮಾರಿ. ಮಳೆ ಕಡಿಮೆ ಬೀಳುವ ನಮ್ಮ ಜಿಲ್ಲೆಯಲ್ಲಿ ಇಷ್ಟು ಜಲಾಶಯ ಇದ್ದಾವ ಅಂತ ಒಮ್ಮೆ ಬೆರಳು ಮಡಚಿ ಎಣಿಸಿದರೆ ನಮಗೇ ಆಶ್ಚರ್ಯ.

ಇವನ್ನೆಲ್ಲ ಕಟ್ಟಿದ್ದು ಹೊಲಕ್ಕೆ ನೀರು ಕೊಡಲಿಕ್ಕೆ, ಕುಡಿಯಲಿಕ್ಕೆ. ಮೀನಿನ ಸಲುವಾಗಿ ಯಾರೂ ಆಣೆಕಟ್ಟು ಕಟ್ಟಲಿಲ್ಲ. ಆದರೆ ನೀರು ನಿಂತ ಮೇಲೆ ಮೀನು ಬಂತು, ಮೀನಿನ ಹಿಂದೆ ಬದುಕು ಬಂತು. ನಮ್ಮ ಕಡೆ ಕೋಲಿ, ಕಬ್ಬಲಿಗ, ಅಂಬಿಗ ಮನೆತನಗಳು ನೀರನ್ನು ನಂಬಿದವರು. ಹನ್ನೆರಡನೇ ಶತಮಾನದ ಶರಣ ಅಂಬಿಗರ ಚೌಡಯ್ಯನವರು ದೋಣಿ ನಡೆಸಿದವರು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಈಗ ಬೇರೆ ಜಾತಿಯ ಕೂಲಿ ಮನೆಯವರೂ ಬಲೆ ಹಿಡಿದಿದ್ದಾರೆ. ಗಂಡಸರು ತೆಪ್ಪದಲ್ಲಿ ಹೋಗಿ ಹಿಡಿದು ತರ್ತಾರ. ಬುಟ್ಟಿ ಹೊತ್ತು ಸಂತಿಗೆ ಹೋಗಿ ಮಾರುವವರು, ಉಳಿದದ್ದನ್ನು ಸೀಳಿ ಉಪ್ಪು ಹಚ್ಚಿ ಒಣಗಿಸುವವರು, ಹರಿದ ಬಲೆ ಹೆಣೆಯುವವರು ಯಾರು? ನಾವೇ. ಸರ್ಕಾರದ ಪಟ್ಟಿಯಲ್ಲಿ ಮಾತ್ರ ಮೀನುಗಾರ ಅಂದ್ರೆ ಗಂಡಸು.

ಮೀನು ತಾನಾಗೇ ಹುಟ್ಟೋದಿಲ್ಲೇನು?

ಹುಟ್ಟುತ್ತದೆ, ಆದರೆ ಎಲ್ಲ ಮೀನೂ ಎಲ್ಲ ಕಡೆ ಹುಟ್ಟೋದಿಲ್ಲ. ಇದು ತಿಳಿದುಕೊಂಡರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ನಾವು ದೊಡ್ಡ ಮೀನು ಅಂತ ಮಾರುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ನದಿಯ ಕಡೆಯ ಜಾತಿಗಳು. ಅವಕ್ಕೆ ಮರಿ ಮಾಡಲು ಮಳೆಗಾಲದ ಹೊಸ ನೀರು, ಹರಿವು, ದಡ ಮೀರಿ ಹರಡಿದ ಪ್ರವಾಹ ಬೇಕು. ನಿಂತ ನೀರಿನಲ್ಲಿ ಅವು ಬೆಳೆಯುತ್ತವೆ, ಮೈ ತುಂಬಿಕೊಳ್ಳುತ್ತವೆ, ಹೊಟ್ಟೆಯಲ್ಲಿ ತತ್ತಿ ಕೂಡ ಬರುತ್ತದೆ, ಆದರೆ ತತ್ತಿ ಇಡೋದಿಲ್ಲ. ಒಂದು ಕಾಲದಲ್ಲಿ ಇವುಗಳ ಮರಿ ಬೇಕಂದ್ರೆ ಹೊಳೆಯಲ್ಲಿ ಜಾಲಾಡಿಸಿ ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧರಿ ಮತ್ತು ಜೊತೆಯವರು ಮೀನಿಗೆ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಕೊಳದಲ್ಲೇ ತತ್ತಿ ಇಡಿಸಿದರು. ಅದೇ ನೆನಪಿಗೆ ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ದೇಶದಲ್ಲಿ ಆಚರಿಸ್ತಾರೆ. ಆವತ್ತಿನಿಂದ ಮರಿ ಮಾಡುವ ಕೇಂದ್ರಗಳು ಬಂದವು, ಕೆರೆ-ಜಲಾಶಯಕ್ಕೆ ವರ್ಷ ವರ್ಷ ಮರಿ ಬಿಡೋದು ಶುರುವಾಯಿತು.

ಅಂದ್ರೆ ಗಂಡೋರಿ ನಾಲಾದಲ್ಲಿ ಸಿಗುವ ಕಾಟ್ಲಾ ಹೊಲದಲ್ಲಿ ಬಿತ್ತಿದ ಜೋಳದಂಗ. ಯಾರೋ ದುಡ್ಡು ಕೊಟ್ಟು ಬಿತ್ತಿದ್ದು. ಮೊಳಕೆ ಬಂದ ಕೂಡಲೇ ಕಿತ್ತು ತಿಂದರೆ ತೆನೆ ಎಲ್ಲಿಂದ ಬರಬೇಕು?

ಇನ್ನೊಂದು ಬಗೆ ಇದೆ. ಆಣೆಕಟ್ಟು ಬರುವ ಮೊದಲಿನಿಂದ ಈ ಹಳ್ಳ ಹೊಳೆಗಳಲ್ಲಿ ಇದ್ದ ನಾಡ ಮೀನು. ಬಾಳೆ ಮೀನು, ಕೊರಮೀನು, ಚೇಳು ಮೀನು, ಹಾವು ಮೀನು, ಚಪ್ಪಲಿ ಮೀನು, ಬೆರಳುದ್ದದ ಬೆಳ್ಳಿ ಬಣ್ಣದ ಸಣ್ಣ ಮೀನುಗಳು, ಸಿಹಿನೀರಿನ ಸೀಗಡಿ. ಊರೂರಿಗೆ ಹೆಸರು ಬೇರೆ, ನಿಮ್ಮೂರಲ್ಲಿ ಏನಂತೀರೋ ಹಂಗೇ ಅನ್ರಿ. ಇವಕ್ಕೆ ಮರಿ ಕೇಂದ್ರ ಇಲ್ಲ, ಇದ್ದರೂ ಬಲು ಕಡಿಮೆ. ಯಾರೂ ಲಾರಿಯಲ್ಲಿ ತಂದು ಬಿಡೋದಿಲ್ಲ. ಇವು ಉಳಿಯೋದು ತಾವೇ ಮರಿ ಮಾಡಿದರೆ ಮಾತ್ರ. ಒಮ್ಮೆ ಹೋದರೆ ಹೋದವೇ.

ಮುಂಗಾರಿನ ಮೊದಲ ಕೆಂಪು ನೀರು ನಾಲಾದಲ್ಲಿ ಇಳಿದಾಗ ಏನಾಗ್ತದ ಅಂತ ನೀವೆಲ್ಲ ಕಂಡೀರಿ. ಜಲಾಶಯದೊಳಗಿನ ಮೀನು ಹೊಸ ನೀರಿನ ವಾಸನೆ ಹಿಡಿದು ಹರಿವಿಗೆ ಎದುರಾಗಿ ಮೇಲೆ ಏರುತ್ತವೆ. ಮೇಲಿನ ಹಳ್ಳದಲ್ಲಿ, ಕಲ್ಲು ಹುಲ್ಲಿನ ಸಂದಿಯಲ್ಲಿ, ಮುಳುಗಿದ ಹೊಲದ ಬದುವಿನಲ್ಲಿ ತತ್ತಿ ಇಡಲಿಕ್ಕೆ ಹೋಗ್ತಾವ. ಆವತ್ತು ಊರಿಗೆ ಊರೇ ಸೇತುವೆ ಕೆಳಗೆ ಇರುತ್ತದೆ. ಬಲೆ, ಬುಟ್ಟಿ, ಸೀರೆ, ಕೋಲು, ಕೈಗೆ ಸಿಕ್ಕದ್ದರಲ್ಲಿ ಹಿಡೀತಾರ. ಹಬ್ಬದಂಗ ಇರ್ತದ, ಸುಳ್ಳು ಹೇಳೋದ್ಯಾಕ, ಮಕ್ಕಳಿಗೆ ಖುಷಿ. ಆದರೆ ಆವತ್ತು ಸಿಕ್ಕ ಮೀನಿನ ಹೊಟ್ಟೆ ಸೀಳಿದರೆ ಬರೀ ತತ್ತಿ. ದೊಡ್ಡ ಗೆಂಡೆ ಜಾತಿಯ ಒಂದು ತಾಯಿ ಮೀನಿನಲ್ಲಿ ಕಿಲೋ ತೂಕಕ್ಕೆ ಲಕ್ಷಕ್ಕೂ ಮೇಲೆ ತತ್ತಿ ಇರುತ್ತವೆ. ಎಲ್ಲವೂ ಮರಿಯಾಗೋದಿಲ್ಲ, ಸಾವಿರಕ್ಕೆ ಒಂದು ಉಳಿದರೂ ನೂರು ಮೀನಾಯಿತು. ಆ ನೂರನ್ನು ನಾವು ಒಂದು ಹೊತ್ತಿನ ಸಾರಿಗೆ ಹಾಕ್ತೀವಿ.

ಕೊರಮೀನಿನ ರೀತಿ ಬೇರೆ. ತಂದೆ-ತಾಯಿ ಎರಡೂ ಮರಿ ಕಾಯುತ್ತವೆ. ಕೆಂಪು ಕೆಂಪು ಮರಿಗಳ ಗುಂಪು ನೀರಿನ ಮೇಲೆ ಚೆಂಡಿನಂಗ ಉರುಳುತ್ತಿರುತ್ತದೆ, ಅದರ ಕೆಳಗೆ ದೊಡ್ಡದು ಕಾವಲು ಇರುತ್ತದೆ. ಗುಂಪು ಎಲ್ಲಿ ಕಂಡಿತೋ ಅಲ್ಲೇ ದೊಡ್ಡದು ಇದೆ ಅಂತ ಗೊತ್ತಿರುವವರು ಗಾಳ ಹಾಕಿ ಎಳೆದುಬಿಡ್ತಾರ. ಕಾವಲು ಹೋದ ಮೇಲೆ ಆ ಮರಿಗಳನ್ನು ಬೇರೆ ಮೀನು, ಕೊಕ್ಕರೆ ತಿಂದು ಮುಗಿಸುತ್ತವೆ. ಸಂತಿಯಲ್ಲಿ ಕೊರಮೀನಿನ ರೇಟು ಕಾಟ್ಲಾಕ್ಕಿಂತ ಮೇಲು. ಜೀವಂತ ಇಟ್ಟು ಮಾರಬಹುದು, ಮುಳ್ಳು ಕಡಿಮೆ, ಬಾಣಂತಿಯರಿಗೆ ಕೊಡ್ತಾರ. ಅಷ್ಟು ಬೆಲೆಯ ಮೀನು, ಎರಡು ತಿಂಗಳು ತಾಳಿದರೆ ತಾನೇ ಹೆಚ್ಚುತ್ತದೆ.

ಸೊಳ್ಳೆ ಪರದೆ ಬಲೆ

ಈಗ ಸಾಲದ ಪುಸ್ತಕ ತೆಗೀರಿ. ಕೆಲವು ಸಂಘಗಳ ಪುಸ್ತಕದಲ್ಲಿ "ಬಲೆಗೆ" ಅಂತ ಸಾಲ ಬರೆದಿರುತ್ತದೆ. ಎಂಥ ಬಲೆ ಅಂತ ಯಾರೂ ಕೇಳಿರೋದಿಲ್ಲ. ಹೊಲಿಗೆ ಮಷೀನಿಗೆ ಸಾಲ ಕೊಡುವಾಗ ಕಂಪನಿ ಕೇಳ್ತೀವಿ, ಎಮ್ಮೆಗೆ ಕೊಡುವಾಗ ಹಲ್ಲು ನೋಡ್ತೀವಿ, ಬಲೆಗೆ ಕೊಡುವಾಗ ಮಾತ್ರ ಸಹಿ ಹಾಕಿಸಿ ಕಳಿಸ್ತೀವಿ.

ಬಲೆಯಲ್ಲಿ ನೋಡಬೇಕಾದದ್ದು ಕಣ್ಣು. ಕಣ್ಣು ದೊಡ್ಡದಿದ್ದರೆ ಸಣ್ಣ ಮರಿ ತೂರಿ ಹೋಗುತ್ತದೆ, ಬೆಳೆದದ್ದು ಮಾತ್ರ ಸಿಕ್ಕಿಕೊಳ್ಳುತ್ತದೆ. ಸೊಳ್ಳೆ ಪರದೆಯಂಥ ಬಲೆಯಲ್ಲಿ ಏನೂ ತಪ್ಪಿಸಿಕೊಳ್ಳೋದಿಲ್ಲ. ಲೆಕ್ಕ ಮಾಡಿ ನೋಡೋಣ, ಇಲ್ಲಿ ಹಿಡಿದ ರೇಟು ಲೆಕ್ಕದ ಸಲುವಾಗಿ ಮಾತ್ರ. 50 ಗ್ರಾಂ ತೂಗುವ 100 ಕಾಟ್ಲಾ ಮರಿ ಬಲೆಗೆ ಬಿದ್ದವು ಅಂದುಕೊಳ್ರಿ. ಒಟ್ಟು 5 ಕಿಲೋ. ಸಣ್ಣ ಮೀನು ಅಂತ ಕಿಲೋಗೆ 40 ರೂಪಾಯಿ ಸಿಕ್ಕರೆ 200 ರೂಪಾಯಿ. ಅದೇ 100 ಮರಿ ನೀರಿನಲ್ಲೇ ಬೆಳೆದು, ಅದರಲ್ಲಿ ಅರ್ಧ ಸತ್ತು, 50 ಉಳಿದು ತಲಾ ಒಂದು ಕಿಲೋ ಆದರೆ 50 ಕಿಲೋ. ಕಿಲೋಗೆ 100 ರೂಪಾಯಿ ಹಿಡಿದರೂ 5,000 ರೂಪಾಯಿ. ನೀರಿಗೆ ಬಾಡಿಗೆ ಇಲ್ಲ, ಮೇವು ಹಾಕಿಲ್ಲ. 200 ರೂಪಾಯಿ ಗಳಿಸಲಿಕ್ಕೆ ಹೋಗಿ 4,800 ರೂಪಾಯಿ ಬಿಟ್ಟುಕೊಟ್ಟಂಗ.

"ಅಕ್ಕಾ, ನಾವು ಬಿಟ್ಟರೆ ಪಕ್ಕದವರು ಹಿಡೀತಾರ" ಅಂತ ಹೇಳ್ತಾರ. ಈ ಮಾತಿಗೆ ನಾವು ನಗೋದಿಲ್ಲ, ಅದು ನಿಜ. ನೀರಿಗೆ ಬದು ಇಲ್ಲ, ನನ್ನ ಮೀನು ನಿನ್ನ ಮೀನು ಅಂತ ಗುರುತು ಇಲ್ಲ. ಒಬ್ಬರೇ ದೊಡ್ಡ ಕಣ್ಣಿನ ಬಲೆ ಹಾಕಿದರೆ ಅವರಿಗೇ ನಷ್ಟ. ಇದಕ್ಕೇ ಇದು ಸಂಘದ ಕೆಲಸ ಅಂತ ನಾವು ಹೇಳೋದು. ಒಂದು ಜಲಾಶಯದ ಸುತ್ತಲಿನ ಸಂಘಗಳೆಲ್ಲ ಸೇರಿ, ಮೂರು ಬೆರಳು ಜೋಡಿಸಿ ತೂರಿಸಿದರೆ ಸಲೀಸಾಗಿ ಹೋಗದ ಬಲೆಗೆ ಸಾಲ ಇಲ್ಲ ಅಂತ ಠರಾವು ಮಾಡಿದರೆ, ಬಲೆ ಮಾರುವ ಅಂಗಡಿಯವನು ಕೂಡ ಬೇರೆ ಬಲೆ ತರಿಸ್ತಾನ. ಕಾನೂನು ಇಲ್ಲ ಅಂತಲ್ಲ. ವಿಷ ಹಾಕಿ, ತೋಟಾ ಸಿಡಿಸಿ ಮೀನು ಹಿಡಿಯೋದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧ ಅಂದಿದೆ. ನಮ್ಮ ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಆದರೆ ಇಷ್ಟು ದೊಡ್ಡ ದಂಡೆಗೆ ಎಷ್ಟು ಮಂದಿ ಅಧಿಕಾರಿಗಳು ಬಂದು ನಿಂತಾರು? ಸಾಲ ಮಾತ್ರ ನಮ್ಮ ಕೈಯಿಂದ ಹೋಗುವುದು.

ಒಂದು ತೊಡಕು ಇದೆ, ಅದನ್ನೂ ಹೇಳಬೇಕು. ಸಣ್ಣ ನಾಡ ಮೀನು ದೊಡ್ಡ ಕಣ್ಣಿನ ಬಲೆಗೆ ಬೀಳೋದಿಲ್ಲ. ಆ ಸಣ್ಣ ಮೀನೇ ಬಡವರ ಮನೆಗೆ ಬರುವುದು, ಕಾಟ್ಲಾ ಶಹರಕ್ಕೆ ಹೋಗುತ್ತದೆ. ಸಣ್ಣ ಮೀನನ್ನು ತಲೆ, ಮುಳ್ಳು ಸಮೇತ ತಿಂತೀವಿ, ಅದರಲ್ಲೇ ಸುಣ್ಣದ ಅಂಶ, ಕಬ್ಬಿಣ, ಕಣ್ಣಿಗೆ ಬೇಕಾದ ಎ ಜೀವಸತ್ವ ಇರುವುದು. ದೊಡ್ಡ ಮೀನಿನ ಮುಳ್ಳನ್ನು ಹೊರಗೆ ಎಸೀತೀವಿ. ಬಾಂಗ್ಲಾದೇಶದಲ್ಲಿ ಮೋಲಾ ಅನ್ನುವ ಬೆರಳುದ್ದದ ಮೀನಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಇದನ್ನು ಜಗತ್ತಿಗೆ ತೋರಿಸಿದವರು ಶಕುಂತಲಾ ಥಿಲ್‌ಸ್ಟೆಡ್ ಅನ್ನುವ ವಿಜ್ಞಾನಿ, ಟ್ರಿನಿಡಾಡಿನಲ್ಲಿ ಹುಟ್ಟಿದ ಭಾರತೀಯ ಮೂಲದ ಹೆಣ್ಣುಮಗಳು. 2021ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು. ಅಲ್ಲಿ ಹೆಣ್ಣುಮಕ್ಕಳು ಮನೆ ಹಿಂದಿನ ಕೊಳದಲ್ಲಿ ದೊಡ್ಡ ಗೆಂಡೆಯ ಜೊತೆಗೇ ಮೋಲಾ ಬೆಳೆಸ್ತಾರ. ದೊಡ್ಡದು ಮಾರಲಿಕ್ಕೆ, ಸಣ್ಣದು ಮಕ್ಕಳ ತಟ್ಟೆಗೆ. ನಮ್ಮಲ್ಲಿ ರಕ್ತ ಕಡಿಮೆ ಅಂತ ಆಶಾ ಕಾರ್ಯಕರ್ತೆ ಗುಳಿಗೆ ಕೊಟ್ಟು ಹೋಗ್ತಾಳ. ಗುಳಿಗೆ ನುಂಗ್ರಿ, ಬಿಡಬ್ಯಾಡ್ರಿ. ಜೊತೆಗೆ ಜೋಳದ ರೊಟ್ಟಿಗೆ ವಾರದಲ್ಲಿ ಎರಡು ಸಲ ಸಣ್ಣ ಮೀನಿನ ಸಾರು ಇರಲಿ.

ಹಾಗಾದರೆ ಸಣ್ಣ ಮೀನು ಹಿಡಿಯುವುದು ಹೇಗೆ? ಜಲಾಶಯದ ನಡುವೆ ಸಣ್ಣ ಕಣ್ಣಿನ ಉದ್ದ ಬಲೆ ಎಳೆಯಬ್ಯಾಡ್ರಿ. ದಂಡೆಯಲ್ಲಿ ಗಾಳ, ಕೈಬಲೆ, ಬಿದಿರಿನ ಕೂಳಿ ಸಾಕು. ಮರಿ ಬಿಟ್ಟ ಮೇಲಿನ ಎರಡು-ಮೂರು ತಿಂಗಳು ಅದನ್ನೂ ನಿಲ್ಲಿಸ್ರಿ. ಕೂಳಿಯಲ್ಲಿ ಕಾಟ್ಲಾ, ರೋಹು ಮರಿ ಬಂದಿದ್ದರೆ ಜೀವ ಇರುವಾಗಲೇ ನೀರಿಗೆ ಬಿಡಬಹುದು, ಉದ್ದ ಬಲೆಯಲ್ಲಿ ಒದ್ದಾಡಿ ಸತ್ತ ಮರಿಯನ್ನು ಬಿಟ್ಟು ಏನು ಉಪಯೋಗ?

ಹೊರಗಿನಿಂದ ಬಂದ ಅತಿಥಿಗಳು

ಭೀಮೆಯ ಮೇಲೆ ನಮಗಿಂತ ಮೇಲೆ, ಸೋಲಾಪುರ ಜಿಲ್ಲೆಯಲ್ಲಿ ಉಜನಿ ಆಣೆಕಟ್ಟು ಇದೆ. 1980ರಲ್ಲಿ ಮುಗಿದದ್ದು, 100 ಟಿಎಂಸಿಗೂ ಹೆಚ್ಚು ನೀರು. ನಮ್ಮ ಜಲಾಶಯಗಳು ಅದರ ಮುಂದೆ ಕೊಡದ ಮುಂದಿನ ತಂಬಿಗೆ. ಅಲ್ಲಿ ಚಿಲಾಪಿ ಅಂತಾರ, ನಾವು ಜಿಲೇಬಿ ಮೀನು ಅಂತೀವಿ, ಪುಸ್ತಕದ ಹೆಸರು ತಿಲಾಪಿಯಾ. ಉಜನಿಯಲ್ಲಿ ಈಗ ಬಲೆ ಎಳೆದರೆ ಹೆಚ್ಚು ಪಾಲು ಅದೇ ಬರುತ್ತದೆ, ಮೊದಲಿದ್ದ ನಾಡ ಮೀನುಗಳು ಕಡಿಮೆಯಾಗಿಬಿಟ್ಟಿವೆ. ಇದು ಆಫ್ರಿಕಾದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದರು. ತಾಯಿ ಮೀನು ತತ್ತಿಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಹಂಗಾಗಿ ಮರಿ ಸಾಯೋದು ಕಡಿಮೆ. ಮಳೆಗಾಲಕ್ಕೆ ಕಾಯೋದಿಲ್ಲ, ನಿಂತ ನೀರಿನಲ್ಲೇ ವರ್ಷದಲ್ಲಿ ಹಲವು ಸಲ ಮರಿ ಹಾಕುತ್ತದೆ. ಸಂಖ್ಯೆ ಹೆಚ್ಚಿ, ತಿನ್ನಲಿಕ್ಕೆ ಸಾಲದೆ, ಅಂಗೈಯಷ್ಟೇ ಇದ್ದುಬಿಡುತ್ತದೆ.

ಜಿಲೇಬಿ ಮೀನನ್ನು ಬೈಯಲಿಕ್ಕೆ ನಮಗೆ ಮನಸ್ಸಿಲ್ಲ. ಅಗ್ಗದಲ್ಲಿ ಸಿಗುತ್ತದೆ, ಎಷ್ಟೋ ಮನೆಗಳ ಹೊಟ್ಟೆ ತುಂಬಿಸಿದೆ. ಇದ್ದಲ್ಲಿ ಹಿಡೀರಿ, ಸಣ್ಣದು ದೊಡ್ಡದು ನೋಡದೆ ಹಿಡೀರಿ, ತಿನ್ರಿ, ಮಾರ್ರಿ. ಇಲ್ಲದ ಕೆರೆಗೆ ಕೊಡದಲ್ಲಿ ಹೊತ್ತೊಯ್ದು ಬಿಡಬ್ಯಾಡ್ರಿ, ಅಷ್ಟೇ.

ಆಫ್ರಿಕನ್ ಕ್ಯಾಟ್‌ಫಿಶ್ ವಿಷಯದಲ್ಲಿ ಮಾತ್ರ ನಾವು ಖಡಾಖಂಡಿತ. ಮಾಗುರ್, ಥಾಯ್ ಮಾಗುರ್ ಅಂತ ಹೇಳಿ ಮಾರ್ತಾರ. ಕೇಂದ್ರ ಸರ್ಕಾರ 2000ದಲ್ಲೇ ಇದನ್ನು ಸಾಕಬಾರದು ಅಂತ ನಿಷೇಧ ಹಾಕಿದೆ. ಇದು ಮಾಂಸ ತಿನ್ನುವ ಮೀನು, ಬೇರೆ ಮೀನಿನ ಮರಿ, ತತ್ತಿ, ಕಪ್ಪೆ ಏನು ಸಿಕ್ಕರೂ ಬಿಡೋದಿಲ್ಲ. ಗಾಳಿಯಿಂದಲೂ ಉಸಿರಾಡುತ್ತದೆ, ಒದ್ದೆ ನೆಲದ ಮೇಲೆ ತೆವಳಿ ಒಂದು ಹೊಂಡದಿಂದ ಇನ್ನೊಂದಕ್ಕೆ ದಾಟುತ್ತದೆ. ಕದ್ದು ಸಾಕುವವರು ಕಸಾಯಿಖಾನೆಯ, ಕೋಳಿ ಅಂಗಡಿಯ ಹೊಲಸನ್ನು ಹಾಕಿ ಬೆಳೆಸ್ತಾರ, ಹೊಂಡ ನಾರುತ್ತದೆ. ಮಳೆ ಜೋರಾಗಿ ಹೊಂಡ ತುಂಬಿ ಹರಿದರೆ ಅದು ನೇರ ನಾಲಾಕ್ಕೆ. 2020ರ ಅಕ್ಟೋಬರ್ ಮಳೆ ನೆನಪಿದೆಯಲ್ಲ, ಕೆರೆ ಯಾವುದು ಹೊಲ ಯಾವುದು ಅಂತ ಗೊತ್ತಾಗದಂಗ ನೀರು ನಿಂತಿತ್ತು. ಅಂಥ ಒಂದು ಮಳೆ ಸಾಕು. ನಮ್ಮ ನಾಡ ಮಾಗುರ್ ಸಣ್ಣದು. ಎರಡು-ಮೂರು ಕಿಲೋ ತೂಗುವ ಮಾಗುರ್ ಸಂತಿಯಲ್ಲಿ ಕಂಡರೆ ಅದು ನಮ್ಮದಲ್ಲ ಅಂತ ತಿಳೀರಿ. ಮೂರು ತಿಂಗಳಲ್ಲಿ ದುಡ್ಡು ದುಪ್ಪಟ್ಟು ಅಂತ ಹೇಳಿ ಅದರ ಮರಿ ಮಾರಲು ಬರುವ ಏಜೆಂಟರನ್ನು ಸಂಘದ ಬಾಗಿಲಿನಿಂದಲೇ ಕಳಿಸ್ರಿ.

ಅಕ್ವೇರಿಯಂ ಮೀನೂ ಹಂಗೇ. ಶಹರದಲ್ಲಿ ಮಕ್ಕಳ ಸಲುವಾಗಿ ಗಾಜಿನ ಪೆಟ್ಟಿಗೆಯಲ್ಲಿ ಸಾಕ್ತಾರ, ಬ್ಯಾಸರಾದರೆ ಪುಣ್ಯ ಬರ್ತದ ಅಂತ ಕೆರೆಗೆ ಬಿಡ್ತಾರ. ಗಾಜು ತೊಳೆಯುವ ಸಕ್ಕರ್ ಮೀನು ಹೀಗೇ ನೀರಿಗೆ ಸೇರಿ, ಆಂಧ್ರದ ಕಡೆ ಕೃಷ್ಣೆಯಲ್ಲಿ ಮೀನುಗಾರರ ಬಲೆ ಹರೀತಿದೆ. ಮೈಮೇಲೆಲ್ಲ ಗಟ್ಟಿ ಚಿಪ್ಪು, ತಿನ್ನಲಿಕ್ಕೆ ಬಾರದು, ಅವರು ಅದನ್ನು ದೆವ್ವದ ಮೀನು ಅಂತ ಕರೀತಾರ. ಶಹರದ ಸಂಘದ ಅಕ್ಕಂದಿರು ಇದನ್ನು ಮನೆಯಲ್ಲಿ ಹೇಳ್ರಿ, ಮನೆಗೆಲಸಕ್ಕೆ ಹೋಗುವ ಮನೆಗಳಲ್ಲೂ ಹೇಳ್ರಿ.

ಎರಡು ತಿಂಗಳು ಒಲೆ ಹೇಗೆ ಉರಿಯಬೇಕು?

ಇದೇ ನಿಜವಾದ ಪ್ರಶ್ನೆ. ಮೀನು ತತ್ತಿ ಇಡುವಾಗ ಹಿಡಿಯಬ್ಯಾಡ್ರಿ ಅಂತ ಹೇಳುವುದು ಸುಲಭ. ಜೂನ್, ಜುಲೈನಲ್ಲಿ ಶಾಲೆ ಶುರು, ಬಿತ್ತನೆ ಶುರು, ಮನೆಯಲ್ಲಿ ಕಾಸಿರೋದಿಲ್ಲ. ಆಗಲೇ ಮೀನಿನ ವ್ಯಾಪಾರಿ ಮುಂಗಡ ಕೊಡ್ತಾನ. ಕೊಟ್ಟ ಮೇಲೆ ವರ್ಷವಿಡೀ ಹಿಡಿದದ್ದೆಲ್ಲ ಅವನಿಗೇ ಹಾಕಬೇಕು, ಅವನು ಹೇಳಿದ ರೇಟಿಗೆ, ಅವನ ತಕ್ಕಡಿಯಲ್ಲಿ. ಸಾಲ ತೀರೋದಿಲ್ಲ, ತೀರಿಸಲಿಕ್ಕೆ ಇನ್ನಷ್ಟು ಮೀನು ಹಿಡಿಯಬೇಕು, ಸಣ್ಣದಾದರೂ ಸರಿ. ಸಣ್ಣ ಕಣ್ಣಿನ ಬಲೆ ಹುಟ್ಟೋದು ದುರಾಸೆಯಿಂದ ಅಂತ ಪೇಟೆಯ ಮಂದಿ ಹೇಳ್ತಾರ. ನಮಗೆ ಕಂಡಂತೆ ಹೆಚ್ಚಿನ ಸಲ ಅದು ಮುಂಗಡದಿಂದ ಹುಟ್ಟುತ್ತದೆ.

ಸಂಘ ಇರುವುದು ಇದಕ್ಕಲ್ಲದೆ ಮತ್ಯಾಕ? 15 ಜನರ ಸಂಘ ವಾರಕ್ಕೆ ತಲಾ 25 ರೂಪಾಯಿ ಬೇರೆಯಾಗಿ ತೆಗೆದಿಟ್ಟರೆ 40 ವಾರಕ್ಕೆ 15,000 ರೂಪಾಯಿ. ದೊಡ್ಡ ದುಡ್ಡಲ್ಲ, ಒಪ್ಪೋಣ. ಆದರೆ ಮೀನು ಹಿಡಿಯುವ ಐದಾರು ಮನೆಗಳಿಗೆ ತಲಾ 2,500-3,000 ರೂಪಾಯಿ ಕೈಸಾಲ ಕೊಟ್ಟರೆ ಮುಂಗಡದ ಗಂಟು ಬಿಚ್ಚಲು ಶುರುವಾಗುತ್ತದೆ. ಮರುಪಾವತಿಯನ್ನು ವಾರದ ಕಂತಿಗೆ ಕಟ್ಟಬ್ಯಾಡ್ರಿ. ಮೀನಿನ ಮನೆಯ ಆದಾಯ ಹಾಲಿನ ಮನೆಯಂಗ ದಿನಾ ಬರೋದಿಲ್ಲ. ನವೆಂಬರಿನಿಂದ ಏಪ್ರಿಲ್ ತನಕ ದೊಡ್ಡ ಕಂತು, ಮಳೆಗಾಲದಲ್ಲಿ ಬಡ್ಡಿ ಮಾತ್ರ ಅಂತ ಬರೀರಿ. ಇದನ್ನು ಬ್ಯಾಂಕಿನವರು ಮಾಡೋದು ಕಷ್ಟ, ನಾವು ಮಾಡಬಹುದು. ಹಂಗಂತ ಬ್ಯಾಂಕನ್ನು ಬಿಡಬ್ಯಾಡ್ರಿ. ಕಿಸಾನ್ ಕ್ರೆಡಿಟ್ ಕಾರ್ಡ್ 2018-19ರಿಂದ ಮೀನುಗಾರರಿಗೂ ಸಿಗುತ್ತದೆ, ಹೆಣ್ಣುಮಕ್ಕಳ ಹೆಸರಿಗೂ, ಸ್ವಸಹಾಯ ಸಂಘಕ್ಕೂ ಸಿಗುತ್ತದೆ.

ಇನ್ನೊಂದು ಸಾಲ ನಮ್ಮ ಮನಸ್ಸಿನಲ್ಲಿದೆ, ಬಲೆಗಿಂತ ಮೊದಲು ಕೊಡಬೇಕಾದದ್ದು. ಅದು ಮಂಜುಗಡ್ಡೆ ಪೆಟ್ಟಿಗೆಗೆ. ನಮ್ಮ ಬ್ಯಾಸಗಿ ನಿಮಗೆ ಗೊತ್ತದ, 42 ಡಿಗ್ರಿ ಅಂದ್ರೆ ಇಲ್ಲಿ ಸುದ್ದಿಯೇ ಅಲ್ಲ. ಬೆಳಿಗ್ಗೆ ಹಿಡಿದ ಮೀನು ಬುಟ್ಟಿಯಲ್ಲಿ ಕಮಲಾಪುರದಿಂದ ಕಲಬುರಗಿಗೆ ಬರುವಷ್ಟರಲ್ಲಿ ಕಿವಿರು ಕಪ್ಪಾಗಿರುತ್ತದೆ, ಗಿರಾಕಿ ಅರ್ಧ ರೇಟಿಗೆ ಕೇಳ್ತಾನ. ಮಧ್ಯಾಹ್ನ ಆದರೆ ಯಾವ ರೇಟಿಗೂ ಇಲ್ಲ. ಮೀನಿನಷ್ಟೇ ತೂಕದ ಮಂಜುಗಡ್ಡೆ ಪುಡಿ ಮಾಡಿ ಪದರ ಪದರ ಹಾಕಿದರೆ ಸಂಜೆಯವರೆಗೂ ತಾಜಾ. ಹಾಳಾಗುವುದು ನಿಂತರೆ ಅದೇ ದುಡ್ಡಿಗೆ ಕಡಿಮೆ ಮೀನು ಹಿಡಿದರೆ ಸಾಕಾಗುತ್ತದೆ. ನೀರಿನಲ್ಲಿ ಮೀನು ಉಳಿಸಲು ಬುಟ್ಟಿಯಲ್ಲಿನ ಮೀನು ಉಳಿಸುವುದು ಒಂದು ದಾರಿ. ಇದನ್ನು ಪುಸ್ತಕದವರು ಹೆಚ್ಚು ಬರೆಯೋದಿಲ್ಲ, ಮಾರುವವರಿಗೆ ಮಾತ್ರ ಗೊತ್ತಾಗುವ ಮಾತು.

ಮರಿ ಬೆಳೆಸುವ ಕೆಲಸವೂ ಸಂಘಕ್ಕೆ ಹೊಂದುತ್ತದೆ. ಜಲಾಶಯಕ್ಕೆ ಕಡ್ಡಿಯಷ್ಟು ಸಣ್ಣ ಮರಿ ಬಿಟ್ಟರೆ ದೊಡ್ಡ ಮೀನಿಗೆ ತುತ್ತು ಹಾಕಿದಂಗ. ನಾಲ್ಕು ಇಂಚು ಬೆಳೆದ ಮರಿ ಬಿಟ್ಟರೆ ಉಳಿಯುವುದು ಹೆಚ್ಚು. ಆ ಸಣ್ಣ ಮರಿಯನ್ನು ಬೆರಳುದ್ದಕ್ಕೆ ತರಲು ಎರಡು-ಮೂರು ತಿಂಗಳ ಕೆಲಸ, ಒಂದು ಹೊಂಡ, ಶೇಂಗಾ ಹಿಂಡಿ, ಅಕ್ಕಿ ತೌಡು, ದಿನಕ್ಕೆ ಎರಡು ಸಲ ನೋಡಿಕೊಳ್ಳುವ ಕೈ ಬೇಕು. ಕೃಷಿ ಹೊಂಡ ಇರುವ ಮನೆಯವರು ನೀರು ಎಷ್ಟು ದಿನ ನಿಲ್ತದ ಅಂತ ನೋಡಿಕೊಂಡು ಸಣ್ಣದಾಗಿ ಶುರು ಮಾಡಬಹುದು. ಬೆಳೆದ ಮರಿಗೆ ಗಿರಾಕಿ ಯಾರು ಅಂತ ಮೊದಲೇ ಮಾತಾಡಿಕೊಂಡು ಇಳೀರಿ, ಮರಿ ಬೆಳೆಸಿ ಆಮೇಲೆ ಗಿರಾಕಿ ಹುಡುಕಬಾರದು. ಜಲಾಶಯಕ್ಕೆ ಬಿಡುವುದು ದೊಡ್ಡ ನೆರೆ ಇಳಿದ ಮೇಲೆ. ಗೇಟು ತೆರೆದಿರುವಾಗ ಬಿಟ್ಟ ಮರಿ ಭೀಮೆಗೆ ಹೋಗುತ್ತದೆ. ಆಕ್ಸಿಜನ್ ತುಂಬಿದ ಪಾಲಿಥಿನ್ ಚೀಲದಲ್ಲಿ ಮರಿ ಬಂದಾಗ ಚೀಲವನ್ನು ಹಾಗೇ ನೀರಿನ ಮೇಲೆ ಹದಿನೈದು-ಇಪ್ಪತ್ತು ನಿಮಿಷ ತೇಲಲು ಬಿಟ್ಟು, ಒಳಗಿನ ಹೊರಗಿನ ನೀರಿನ ಬಿಸಿ ಸಮ ಆದ ಮೇಲೆ ಬಾಯಿ ಬಿಚ್ಚಬೇಕು. ಅವಸರ ಮಾಡಿದರೆ ಮರಿ ಆ ಬದಲಾವಣೆಗೇ ಸಾಯುತ್ತವೆ.

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ-ಪಂಗಡದವರಿಗೂ ಘಟಕದ ಖರ್ಚಿನ ಶೇ. 60ರ ತನಕ ಸಹಾಯಧನ ಇಟ್ಟರು, ಉಳಿದವರಿಗೆ ಶೇ. 40. ಈ ವರ್ಷ ಯಾವ ಘಟಕಕ್ಕೆ ಅರ್ಜಿ ಕರೆದಿದ್ದಾರೆ ಅಂತ ತಾಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ನೀವೇ ಕೇಳಬೇಕು, ಮಧ್ಯದವರನ್ನು ನಂಬಬ್ಯಾಡ್ರಿ. ಹೋಗುವಾಗ ಇಬ್ಬರು-ಮೂವರು ಹೋಗ್ರಿ, ಠರಾವಿನ ನಕಲು ಒಯ್ಯಿರಿ.

ಮೀನುಗಾರರ ಸಹಕಾರ ಸಂಘದ ಸದಸ್ಯತ್ವವೂ ಕೇಳ್ರಿ. ಮೀನು ಹಿಡಿಯುವ ಹಕ್ಕು ಯಾರಿಗೆ, ಎಷ್ಟು ಮರಿ ಬಿಡಬೇಕು, ಯಾವಾಗ ಬಲೆ ನಿಲ್ಲಿಸಬೇಕು ಅಂತ ತೀರ್ಮಾನ ಆಗುವುದು ಅಂಥ ಸಭೆಗಳಲ್ಲಿ. ಅಲ್ಲಿ ಹೆಣ್ಣುಮಕ್ಕಳ ಹೆಸರು ವಿರಳ. ಗಂಡ ತೀರಿಹೋದ ಎಷ್ಟೋ ಅಕ್ಕಂದಿರು ಮೀನು ಮಾರಿಯೇ ಮನೆ ನಡೆಸ್ತಿದ್ದಾರೆ, ಆದರೆ ಮೀನುಗಾರ ಅನ್ನುವ ಗುರುತಿನ ಚೀಟಿ ಇಲ್ಲ, ವಿಮೆ ಇಲ್ಲ. ಮೊದಲು ಅವರ ಅರ್ಜಿ ಹಾಕಿಸೋಣ.

ಬ್ಯಾಸಗಿಯ ಬಗ್ಗೆ ಒಂದು ಮಾತು ಉಳಿಯಿತು. ಮೇ ತಿಂಗಳಲ್ಲಿ ನೀರು ಇಳಿದು ಜಲಾಶಯ ಒಂದು ಮೂಲೆಗೆ ಬರುತ್ತದೆ. ಬದುಕಿ ಉಳಿದ ತಾಯಿ ಮೀನೆಲ್ಲ ಆಳದ ಮಡುವಿನಲ್ಲಿ ಸೇರಿರುತ್ತವೆ. ಆಗ ಹಿಡಿಯುವುದು ಬಲು ಸುಲಭ, ಎಳೆದರೆ ಬುಟ್ಟಿ ತುಂಬಿತು. ಬರಗಾಲದ ವರ್ಷಗಳಲ್ಲಿ ಹಾಗೆ ಬಾಚಿ ಬಾಚಿ ತೆಗೆದ ಕಡೆ ಮುಂದಿನ ಮಳೆಗೆ ತತ್ತಿ ಇಡಲು ತಾಯಿಯೇ ಇರೋದಿಲ್ಲ. ಒಂದು ಮಡು ಗುರುತು ಮಾಡಿ, ನಾಲ್ಕು ಕಡೆ ಕಂಬ ನೆಟ್ಟು, ಇದರೊಳಗೆ ಬಲೆ ಇಲ್ಲ ಅಂತ ಊರಿನ ಹಿರಿಯರ ಎದುರು ಮಾತು ಮಾಡಿಕೊಂಡರೆ ಖರ್ಚು ಏನೂ ಇಲ್ಲ. ದೇವರ ಮೀನು ಅಂತ ಗುಡಿಯ ಮುಂದಿನ ಮಡುವಿನಲ್ಲಿ ಹಿಡಿಯದೇ ಬಿಡುವ ಪದ್ಧತಿ ನಮ್ಮ ರಾಜ್ಯದಲ್ಲಿ ಹಳೇದು. ಶೃಂಗೇರಿಯಲ್ಲಿ ತುಂಗೆಯ ದಂಡೆಯಲ್ಲಿ ಯಾತ್ರಿಕರು ಈಗಲೂ ಮೀನಿಗೆ ಮಂಡಕ್ಕಿ ಹಾಕ್ತಾರ. ಹೊಸದೇನೂ ಅಲ್ಲ, ನಮ್ಮ ಅಜ್ಜಿಯರಿಗೆ ತಿಳಿದದ್ದೇ.

ಇನ್ನು ಕೆಲಸದ ಮಾತು. ಮುಂದಿನ ಸಭೆಗೆ ಬರುವಾಗ ನಿಮ್ಮ ಸಂಘದಲ್ಲಿ ಬಲೆಗೆ ಎಷ್ಟು ಸಾಲ ಹೋಗಿದೆ, ಯಾವ ಕಣ್ಣಿನ ಬಲೆ ಅಂತ ಬರೆದುಕೊಂಡು ಬರ್ರಿ. ಮೀನು ಮಾರುವ ಅಕ್ಕಂದಿರ ಹೆಸರು, ಅವರ ಮೇಲೆ ವ್ಯಾಪಾರಿಯ ಮುಂಗಡ ಎಷ್ಟಿದೆ ಅನ್ನುವುದೂ ಬೇಕು, ಅದನ್ನು ಎಲ್ಲರ ಮುಂದೆ ಓದಬ್ಯಾಡ್ರಿ, ಚೀಟಿಯಲ್ಲಿ ಬರೆದು ನಮ್ಮ ಕೈಗೆ ಕೊಡ್ರಿ. ನಿಮ್ಮ ಕಡೆ ಮೊದಲು ಸಿಗ್ತಿದ್ದು ಈಗ ಕಾಣದ ಮೀನು ಯಾವುದು ಅಂತ ಮನೆಯ ಹಿರಿಯರನ್ನು ಕೇಳ್ರಿ, ಊರಲ್ಲಿ ಕರೆಯುವ ಹೆಸರಿನಲ್ಲೇ ಬರೀರಿ. ಓದು ಬಾರದವರು ಮಕ್ಕಳ ಕೈಯಲ್ಲಿ ಬರೆಸ್ರಿ. ಕಮಲಾಪುರ ಕಡೆಯವರು ಬಸ್ಸಿನ ಹೊತ್ತು ನೋಡಿಕೊಂಡು ಹನ್ನೊಂದಕ್ಕೆ ಬಂದರೆ ಸಾಕು, ನಾವು ಕಾಯ್ತೀವಿ.